ನಿಲ್ಲೆಂದಾಗ ನಿಲ್ಲದ ಗಣಕಯಂತ್ರ

ಗಣಕಯಂತ್ರವನ್ನು ಚಾಲೂ ಮಾಡುವ ಬಗೆಯನ್ನು ನಮ್ಮ ಶಾಲೆಗಳೂ ತರಬೇತಿ ಕೇಂದ್ರಗಳೂ ಮೊದಲ ದಿನವೇ ಕಲಿಸುತ್ತವೆ. ಅದನ್ನು ನಿಲ್ಲಿಸುವುದಾದರೋ ಕಲಿಸಬೇಕಾದ ವಿದ್ಯೆಯೆಂದು ಯಾರೂ ಭಾವಿಸಿದಂತಿಲ್ಲ. ಇದರ ಫಲವನ್ನು ಸಂಜೆ ಐದೂವರೆಯ ಹೊತ್ತಿಗೆ ಯಾವ ಕಚೇರಿಯಲ್ಲಾದರೂ ಕಾಣಬಹುದು. ‘ಶಟ್ಟಿಂಗ್ ಡೌನ್’ ಎಂಬ ಬರಹದ ಮೇಲೆ ಬಿಳಿಯ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಬಸ್ಸಿನ ವೇಳೆ ಸಮೀಪಿಸುತ್ತದೆ. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಿಂತ ಗುಮಾಸ್ತರು ಒಂದು ನಿಮಿಷ ಕಾಯುತ್ತಾರೆ, ಎರಡು ನಿಮಿಷ ಕಾಯುತ್ತಾರೆ, ಕಡೆಗೆ ಮೇಜಿನಡಿಗೆ ಬಗ್ಗಿ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೊರಟುಬಿಡುತ್ತಾರೆ. ಈ ಕ್ರಮ ತಪ್ಪು. ಆದರೆ ತಪ್ಪೆಲ್ಲವನ್ನೂ ಆ ಗುಮಾಸ್ತರ ತಲೆಗೆ ಕಟ್ಟುವುದು ಅದಕ್ಕಿಂತ ದೊಡ್ಡ ಅನ್ಯಾಯ. ಯಂತ್ರವು ಏತಕ್ಕಾಗಿ ಕಾದಿದೆಯೆಂದು ಕೇಳುವ ಅಭ್ಯಾಸ ಬಳಸುವವರಲ್ಲಿ ಬೆಳೆಯಬೇಕು. ಹಾಗೆ ಕೇಳಿದಾಗ ಸ್ಪಷ್ಟವಾದ ಉತ್ತರವನ್ನು ಕೊಡಿಸುವ ಹೊಣೆಯನ್ನು ತಯಾರಕರು ಹೊರಬೇಕು. ಈ ಎರಡೂ ನೆರವೇರದ ಹೊರತು ನಮ್ಮ ಮೇಜುಗಳ ಮೇಲಿರುವ ಯಂತ್ರಗಳು ನಮ್ಮ ಅಧೀನದಲ್ಲಿವೆಯೆಂದು ಹೇಳಿಕೊಳ್ಳುವಂತಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ತೊಡಕು ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ನೋಡೋಣ. ಕಳೆದ ಶತಮಾನದ ತೊಂಬತ್ತರ ದಶಕದ ನಡುವಿನವರೆಗೆ ಮನೆ ಕಚೇರಿಗಳ ಹೆಚ್ಚಿನ ಗಣಕಯಂತ್ರಗಳಲ್ಲಿದ್ದ ಸ್ವಿಚ್ಚು ವಿದ್ಯುತ್ತನ್ನು ನೇರವಾಗಿ ಕಡಿಯತಕ್ಕದ್ದಾಗಿತ್ತು. 1995ರಲ್ಲಿ ಬಂದ ವಿಂಡೋಸ್ 95 ತನ್ನ ಕೆಲಸಗಳನ್ನೆಲ್ಲ ಮುಗಿಸಿದ ತರುವಾಯ, ಇನ್ನು ಯಂತ್ರವನ್ನು ನಿರ್ಭಯವಾಗಿ ಆರಿಸಬಹುದೆಂಬ ಅರ್ಥದ ಒಂದು ಸಾಲನ್ನು ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ತೋರಿಸಿ ಸುಮ್ಮನಾಗುತ್ತಿತ್ತು. ಕಡೆಯ ಕಾರ್ಯ ಮನುಷ್ಯನ ಬೆರಳಿಗೆ ಸೇರಿದ್ದಾಗಿತ್ತು. ಅದೇ 1995ರಲ್ಲಿ ಇಂಟೆಲ್ ಸಂಸ್ಥೆ ಪ್ರಕಟಿಸಿದ ಎಟಿಎಕ್ಸ್ ಎಂಬ ವಿನ್ಯಾಸವೂ, 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ಹೊರತಂದ ಎಸಿಪಿಐ ಎಂಬ ನಿಯಮಾವಳಿಯೂ ಈ ಪದ್ಧತಿಯನ್ನು ಬುಡಮೇಲು ಮಾಡಿದವು. ಅಂದಿನಿಂದೀಚೆಗೆ ಯಂತ್ರದ ಮುಂಭಾಗದ ಗುಂಡಿ ವಿದ್ಯುತ್ತನ್ನು ತಾನಾಗಿ ಕಡಿಯುವುದಿಲ್ಲ. ನಿಲ್ಲಬೇಕೆಂಬ ವಿಜ್ಞಾಪನೆಯನ್ನು ಕಾರ್ಯಾಚರಣ ವ್ಯವಸ್ಥೆಗೆ ತಲುಪಿಸುತ್ತದೆ, ಅಷ್ಟೆ. ಆ ವಿಜ್ಞಾಪನೆಯನ್ನು ವಿಚಾರಿಸಿ, ಎಲ್ಲರ ಒಪ್ಪಿಗೆಯನ್ನು ಪಡೆದು, ಕಡೆಯಲ್ಲಿ ವಿದ್ಯುತ್ತನ್ನು ನಿಲ್ಲಿಸುವಂತೆ ಮದರ್‌ಬೋರ್ಡಿಗೆ ಆಜ್ಞೆಯೀಯುವ ಅಧಿಕಾರ ತಂತ್ರಾಂಶಕ್ಕೆ ದೊರೆಯಿತು. ಅಧಿಕಾರ ಎಲ್ಲಿಗೆ ಹೋಯಿತೋ ವಿಳಂಬವೂ ಅಲ್ಲಿಗೇ ಹೋಯಿತು.

ಈ ವಿಚಾರಣೆಯಲ್ಲಿ ನಡೆಯುವುದೇನೆಂಬುದನ್ನು ತಿಳಿಯಬೇಕಾದರೆ, ಕಿರಾಣಿ ಅಂಗಡಿಯ ಯಜಮಾನರು ರಾತ್ರಿ ಬಾಗಿಲು ಹಾಕುವ ಕ್ರಮವನ್ನು ನೆನೆದರೆ ಸಾಕು. ಒಳಗಿರುವ ಗಿರಾಕಿಗಳನ್ನು ಅವರು ಮೊದಲು ಸಾಗಹಾಕುತ್ತಾರೆ, ಆಮೇಲೆ ಆಳುಗಳ ಕೆಲಸವನ್ನು ನಿಲ್ಲಿಸುತ್ತಾರೆ, ಗಲ್ಲಾ ಎಣಿಸಿ ಕಿರ್ದಿ ಬರೆಯುತ್ತಾರೆ, ದೀಪವಾರಿಸಿ ಬೀಗ ಹಾಕುವುದು ಎಲ್ಲಕ್ಕೂ ಕೊನೆಯಲ್ಲಿ. ಗಣಕಯಂತ್ರವೂ ತೆರೆದಿರುವ ತಂತ್ರಾಂಶಗಳನ್ನು ಮೊದಲು ವಿಚಾರಿಸುತ್ತದೆ. ಉಳಿಸದ ಕಡತವುಳ್ಳ ತಂತ್ರಾಂಶವು ತಡೆಯೆಂದು ಹೇಳಿದರೆ ತಡೆಯುತ್ತದೆ. ಆ ಬಳಿಕ, ಮುದ್ರಣದ ಸರದಿಯನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್‌ನಂತೆ ತೆರೆಮರೆಯಲ್ಲಿ ದುಡಿಯುವ ‘ಸರ್ವೀಸ್’ಗಳಿಗೆ ನಿಲ್ಲುವಂತೆ ಸೂಚನೆಯನ್ನೀಯುತ್ತದೆ, ಇಂದಿನ ವಿಂಡೋಸ್‌ನಲ್ಲಿ ಇವುಗಳಿಗೆ ರೂಢಿಯಲ್ಲಿರುವ ಗಡುವು 5 ಸೆಕೆಂಡು. ನೆನಪಿನಲ್ಲಿ ಮಾತ್ರ ಇದ್ದು ಡಿಸ್ಕಿಗೆ ಇನ್ನೂ ಇಳಿಯದ ಮಾಹಿತಿಯನ್ನು ಇಳಿಸುವುದು ಮುಂದಿನ ಹಂತ. ಪ್ರಿಂಟರು, ನೆಟ್‌ವರ್ಕ್ ಕಾರ್ಡು, ಗ್ರಾಫಿಕ್ಸ್ ಕಾರ್ಡು ಮೊದಲಾದವುಗಳನ್ನು ನಡೆಸುವ ಡ್ರೈವರುಗಳಿಗೆ ತಮ್ಮ ತಮ್ಮ ಉಪಕರಣಗಳನ್ನು ಮಲಗಿಸುವಂತೆ ಹೇಳಿದ ಮೇಲೆಯೇ ಎಸಿಪಿಐ ನಿಯಮದಲ್ಲಿ ‘ಎಸ್5’ ಎನಿಸಿಕೊಳ್ಳುವ ಸ್ಥಿತಿಗೆ ಯಂತ್ರವು ಸೇರುವುದು. ಈ ಮೆಟ್ಟಿಲುಗಳಲ್ಲಿ ಯಾವುದೊಂದರಲ್ಲಿ ಯಾರೊಬ್ಬರು ಮರುಮಾತು ಕೊಡದಿದ್ದರೂ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ.

ಆದಕಾರಣ, ‘ಸಿಸ್ಟಮ್ ಆಫ್ ಆಗ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ವ್ಯಾಧಿಗಳಿರಬಹುದೆಂಬುದನ್ನು ಮೊದಲು ಮನಗಾಣತಕ್ಕದ್ದು. ಪರದೆ ಬೆಳಗಿಕೊಂಡೇ ಇದ್ದು, ಚುಕ್ಕೆಗಳು ಸುತ್ತುತ್ತಿದ್ದರೆ, ತಂತ್ರಾಂಶವೋ ಸರ್ವೀಸೋ ಅಪ್‌ಡೇಟೋ ಹಿಡಿದಿಟ್ಟಿರುವ ಸಂಭವವೇ ಹೆಚ್ಚು. ಪರದೆ ಕಪ್ಪಾಗಿ, ಒಳಗಿನ ಫ್ಯಾನು ಮಾತ್ರ ತಿರುಗುತ್ತಾ, ಮುಂದಿನ ದೀಪ ಉರಿಯುತ್ತಲೇ ಇದ್ದರೆ, ಡ್ರೈವರುಗಳಲ್ಲಿಯೋ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿಯೋ ಅಥವಾ ಮುಂದೆ ಹೇಳಲಿರುವ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿನಲ್ಲಿಯೋ ದೋಷವನ್ನು ಅರಸಬೇಕು. ಯಂತ್ರವು ಸಂಪೂರ್ಣ ನಿಂತು, ಮರುಕ್ಷಣವೇ ತಾನಾಗಿ ಎದ್ದು ಕೂರುವುದಾದರೆ, ಮುಚ್ಚುವ ಘಳಿಗೆಯಲ್ಲಿ ಕುಸಿದುಬಿದ್ದ ವ್ಯವಸ್ಥೆಯು ತನ್ನನ್ನು ತಾನೇ ಮರಳಿ ಆರಂಭಿಸಿಕೊಂಡಿರಬಹುದು, ಇಲ್ಲವೆ ನೆಟ್‌ವರ್ಕಿನಿಂದ ಯಂತ್ರವನ್ನು ಎಬ್ಬಿಸುವ ‘ವೇಕ್ ಆನ್ ಲ್ಯಾನ್’ ಸೌಲಭ್ಯ ಬಯಾಸ್‌ನಲ್ಲಿ ಜಾಗೃತವಾಗಿರಬಹುದು. ಈ ವಿವೇಚನೆಯನ್ನು ಮಾಡದೆ ಎಲ್ಲಕ್ಕೂ ‘ಫಾರ್ಮ್ಯಾಟ್’ ಎಂಬ ಒಂದೇ ಔಷಧವನ್ನು ಹೇಳುವ ರಿಪೇರಿಯ ಪದ್ಧತಿ ಊರೂರಿನಲ್ಲಿಯೂ ಬೇರೂರಿರುವುದು ಖೇದದ ಸಂಗತಿ.

ಜಿಲ್ಲಾ ಕೇಂದ್ರವೊಂದರ ಡಿಟಿಪಿ ಅಂಗಡಿಯಲ್ಲಿ ನಾನು ಕಂಡ ಒಂದು ನಿದರ್ಶನವನ್ನು ಇಲ್ಲಿ ಹೇಳುವುದು ಉಚಿತ. ಲಗ್ನಪತ್ರಿಕೆಗಳನ್ನೂ ಗೃಹಪ್ರವೇಶದ ಆಹ್ವಾನಗಳನ್ನೂ ಮುದ್ರಿಸಿಕೊಡುವ ಆ ಅಂಗಡಿಯ ಯಂತ್ರವು ರಾತ್ರಿ ಪರದೆಯನ್ನು ಕಪ್ಪಾಗಿಸಿಕೊಂಡರೂ ಫ್ಯಾನನ್ನು ನಿಲ್ಲಿಸುತ್ತಿರಲಿಲ್ಲ. “ಎಸ್‌ಎಂಪಿಎಸ್ ಹೋಗಿದೆ ಅಂದ್ರು ಸಾರ್, ಬದಲಾಯಿಸಿದ್ವಿ; ಆದರೂ ಆಫ್ ಆಗ್ತಿಲ್ಲ. ಈಗ ಫಾರ್ಮ್ಯಾಟ್ ಮಾಡಬೇಕು ಅಂತಾರೆ” ಎಂದು ಅಂಗಡಿಯಾತ ಚಿಂತೆಯಿಂದ ಹೇಳಿದರು. ‘ಶಟ್‌ಡೌನ್’ನ ಬದಲು ‘ರೀಸ್ಟಾರ್ಟ್’ ಒತ್ತಿನೋಡಿ ಎಂದಾಗ ಯಂತ್ರವು ಯಾವ ತಕರಾರೂ ಇಲ್ಲದೆ ನಿಂತು ಮತ್ತೆ ಹೊರಟಿತು. ಕೀಲಿಮಣೆಯ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡು ‘ಶಟ್‌ಡೌನ್’ ಅನ್ನು ಆರಿಸಿದಾಗ ಫ್ಯಾನು ನಿಂತಿತು, ದೀಪವೂ ಆರಿತು. ರೋಗದ ಮೂಲ ಅಲ್ಲಿಗೆ ನಿಶ್ಚಿತವಾಯಿತು. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ನುಗಳು ಏನು ಮಾಡಬೇಕೆಂಬುದನ್ನು ಗೊತ್ತುಪಡಿಸುವ ಪುಟವನ್ನು ತೆರೆದು, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎಂಬುದರ ಎದುರಿಗಿದ್ದ ಗುರುತನ್ನು ತೆಗೆದದ್ದಷ್ಟೇ ಚಿಕಿತ್ಸೆ. ಯಂತ್ರಕ್ಕೆ ವಿದ್ಯುತ್ತನ್ನು ಪೂರೈಸುವ ಹೊಸ ಎಸ್‌ಎಂಪಿಎಸ್‌ಗೆ ಕೊಟ್ಟ ಹಣ ವ್ಯರ್ಥವಾಗಿತ್ತು. ಫಾರ್ಮ್ಯಾಟ್ ಮಾಡಿದ್ದರೆ ಆ ಅಂಗಡಿಯವರು ಬಹುಕಾಲದಿಂದ ಕೂಡಿಟ್ಟಿದ್ದ ಫಾಂಟುಗಳೂ ವಿನ್ಯಾಸಗಳೂ ಅಪಾಯಕ್ಕೆ ಸಿಲುಕುತ್ತಿದ್ದವು.

ಈ ಫಾಸ್ಟ್ ಸ್ಟಾರ್ಟಪ್ ಎಂಬುದರ ಸ್ವರೂಪವನ್ನು ಪ್ರತಿಯೊಬ್ಬ ಬಳಕೆದಾರರೂ ತಿಳಿದಿರಬೇಕು. 2012ರಲ್ಲಿ ವಿಂಡೋಸ್ 8ರೊಡನೆ ಬಂದ ಈ ಏರ್ಪಾಡಿನ ಪ್ರಕಾರ, ನಾವು ಶಟ್‌ಡೌನ್ ಒತ್ತಿದಾಗ ನಮ್ಮ ತಂತ್ರಾಂಶಗಳು ಮುಚ್ಚಿಹೋಗುವುವಾದರೂ, ವ್ಯವಸ್ಥೆಯ ತಿರುಳಾದ ಕರ್ನೆಲ್ಲೂ ಡ್ರೈವರುಗಳೂ ಮುಚ್ಚಿಹೋಗುವುದಿಲ್ಲ. ಅವುಗಳ ಅಂದಿನ ಸ್ಥಿತಿಯನ್ನು ಇದ್ದಂತೆಯೇ ಡಿಸ್ಕಿನಲ್ಲಿ ಹೈಬರ್‌ಫಿಲ್.ಸಿಸ್ ಎಂಬ ಕಡತಕ್ಕೆ ಬರೆದಿಟ್ಟು, ಮಾರನೆಯ ಬೆಳಿಗ್ಗೆ ಅಲ್ಲಿಂದಲೇ ಎತ್ತಿಕೊಳ್ಳಲಾಗುತ್ತದೆ. ಪ್ರತಿ ರಾತ್ರಿ ನಿಷ್ಠೆಯಿಂದ ಯಂತ್ರವನ್ನು ಆರಿಸಿದವರು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ‘ಅಪ್ ಟೈಮ್’ ಎಂಬ ಸಾಲನ್ನು ನೋಡಿದರೆ, ತಮ್ಮ ಯಂತ್ರವು ಅನೇಕ ದಿನಗಳಿಂದ ಎಡೆಬಿಡದೆ ನಡೆಯುತ್ತಿರುವಂತೆ ಲೆಕ್ಕ ತೋರಿಸುವುದಕ್ಕೆ ಕಾರಣ ಇದೇ. ನಿನ್ನೆ ಎಡವಿದ ಡ್ರೈವರು ಇಂದೂ ಎಡವಿದ ಸ್ಥಿತಿಯಲ್ಲಿಯೇ ಏಳುತ್ತದೆ. ಒಂದೇ ಯಂತ್ರದಲ್ಲಿ ಲಿನಕ್ಸನ್ನೂ ಇಟ್ಟುಕೊಂಡವರಿಗೆ ವಿಂಡೋಸ್‌ನ ಡಿಸ್ಕ್ ಭಾಗಕ್ಕೆ ಬರೆಯಲಾಗದ ತೊಂದರೆ ತಲೆದೋರುವುದೂ ಇದರಿಂದಲೇ. ವಿಚಿತ್ರವೇನೆಂದರೆ, ಪೂರ್ಣವಾಗಿ ಮುಚ್ಚಿ ಹೊಸದಾಗಿ ಆರಂಭಿಸುವುದು ‘ರೀಸ್ಟಾರ್ಟ್’ ಮಾತ್ರ; ಆರಿಸಲೆಂದೇ ಇರುವ ಗುಂಡಿ ಅರ್ಧವನ್ನಷ್ಟೇ ಆರಿಸುತ್ತದೆ. ನಿಧಾನವಾದ ಹಾರ್ಡ್ ಡಿಸ್ಕುಗಳ ಕಾಲದಲ್ಲಿ ಈ ಏರ್ಪಾಡು ಬೆಳಗಿನ ಕೆಲವು ಸೆಕೆಂಡುಗಳನ್ನು ಉಳಿಸಿತೆಂಬುದನ್ನು ಒಪ್ಪೋಣ. ಎಸ್‌ಎಸ್‌ಡಿ ಸಾಮಾನ್ಯವಾಗಿರುವ ಇಂದು ಆ ಲಾಭ ಅತ್ಯಲ್ಪ. ಜನರಿಗೆ ತಿಳಿಸದೆ ಅವರ ಆಜ್ಞೆಯ ಅರ್ಥವನ್ನು ಬದಲಿಸಿದುದರ ನಷ್ಟವಾದರೋ ಹಾಗೆಯೇ ಉಳಿದಿದೆ.

ಇನ್ನು ಫಾಸ್ಟ್ ಸ್ಟಾರ್ಟಪ್ ಕಾರಣವಲ್ಲದಿದ್ದರೆ ನಡೆಯಬೇಕಾದ ದಾರಿಯೂ ದುರ್ಗಮವಾದದ್ದೇನಲ್ಲ. ಈ ತೊಂದರೆ ಎಂದಿನಿಂದ ಆರಂಭವಾಯಿತು, ಅದಕ್ಕೆ ಸ್ವಲ್ಪ ಮುಂಚೆ ಯಂತ್ರಕ್ಕೆ ಹೊಸದಾಗಿ ಸೇರಿದ್ದೇನು ಎಂಬ ಪ್ರಶ್ನೆಯೇ ಅರ್ಧ ಉತ್ತರವನ್ನು ತಂದುಕೊಡುತ್ತದೆ: ಹೊಸ ಪ್ರಿಂಟರೋ, ಎರಡನೆಯ ಆಂಟಿವೈರಸ್ಸೋ, ನಿನ್ನೆ ತಾನೇ ಬಂದ ಅಪ್‌ಡೇಟೋ ಇರಬಹುದು. ಯುಎಸ್‌ಬಿಗೆ ಸಿಕ್ಕಿಸಿದ ಪೆನ್‌ಡ್ರೈವು, ಪ್ರಿಂಟರು, ಹೊರಗಿನ ಹಾರ್ಡ್ ಡಿಸ್ಕುಗಳನ್ನು ತೆಗೆದು ಮುಚ್ಚಿನೋಡುವುದು ಎರಡನೆಯ ಹೆಜ್ಜೆ. ವಿಂಡೋಸ್ ತನ್ನ ದಿನಚರಿಯನ್ನು ಇವೆಂಟ್ ವ್ಯೂವರ್ ಎಂಬಲ್ಲಿ ತಪ್ಪದೆ ಬರೆದಿಡುತ್ತದೆ. ಅದರ ‘ಸಿಸ್ಟಮ್’ ವಿಭಾಗದಲ್ಲಿ 1074 ಎಂಬ ಅಂಕಿಯಿದ್ದರೆ ಯಾರ ಅಥವಾ ಯಾವುದರ ಆಜ್ಞೆಯಿಂದ ಮುಚ್ಚುವಿಕೆ ಮೊದಲಾಯಿತೆಂಬುದು, 6006 ಇದ್ದರೆ ದಾಖಲೆಯ ಸರ್ವೀಸು ಕ್ರಮವಾಗಿ ನಿಂತಿತೆಂಬುದು, 6008 ಇದ್ದರೆ ಹಿಂದಿನ ಸಲ ಯಂತ್ರವು ಅನಿರೀಕ್ಷಿತವಾಗಿ ನಿಂತುಹೋಗಿತ್ತೆಂಬುದು ತಿಳಿಯುತ್ತದೆ. ಅಷ್ಟರಿಂದಲೂ ಬಗೆಹರಿಯದಿದ್ದರೆ ‘ಕ್ಲೀನ್ ಬೂಟ್’ ಉಂಟು: ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಮೈಕ್ರೋಸಾಫ್ಟಿನ ಸ್ವಂತ ಸರ್ವೀಸುಗಳನ್ನು ಮರೆಮಾಡಿ, ಮಿಕ್ಕವನ್ನೆಲ್ಲ ತಡೆದು, ಯಂತ್ರವು ಸರಿಯಾಗಿ ನಿಲ್ಲುವುದೇ ಎಂದು ಪರೀಕ್ಷಿಸಿ, ಆ ಬಳಿಕ ಅರ್ಧರ್ಧವಾಗಿ ಅವನ್ನು ಮರಳಿ ಸೇರಿಸುತ್ತಾ ಹೋದರೆ ಅಪರಾಧಿ ಸಿಕ್ಕಿಬೀಳುತ್ತದೆ. ‘ಡ್ರೈವರ್ ಪವರ್ ಸ್ಟೇಟ್ ಫೈಲ್ಯೂರ್’ ಎಂಬ ಮಾತಿನೊಡನೆ ನೀಲಿ ಪರದೆ ಕಾಣಿಸಿಕೊಂಡಿತೆಂದರೆ ಯಾವುದೋ ಡ್ರೈವರು ಮಲಗಲು ಒಪ್ಪಲಿಲ್ಲವೆಂದೇ ಅರ್ಥ. ಯಂತ್ರದ ತಯಾರಕರ ತಾಣದಿಂದಲೇ ಅದರ ಹೊಸ ಆವೃತ್ತಿಯನ್ನು ತಂದುಕೊಳ್ಳತಕ್ಕದ್ದು.

ಇಷ್ಟೆಲ್ಲ ಗೋಜೇಕೆ, ಗೋಡೆಯ ಸ್ವಿಚ್ಚು ಇದ್ದೇ ಇದೆಯಲ್ಲ ಎನ್ನುವವರುಂಟು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯು ತನ್ನ ಬದಲಾವಣೆಗಳನ್ನು ಮುಂಚಿತವಾಗಿ ಒಂದು ದಾಖಲೆಯಲ್ಲಿ ಬರೆದಿಟ್ಟುಕೊಳ್ಳುವುದರಿಂದ, ವಿದ್ಯುತ್ತು ಹಠಾತ್ತನೆ ಹೋದರೂ ತನ್ನ ಚೌಕಟ್ಟನ್ನು ಸರಿಪಡಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದು ರಕ್ಷಿಸುವುದು ಚೌಕಟ್ಟನ್ನು. ಅದರೊಳಗೆ ನೀವು ಬರೆಯುತ್ತಿದ್ದ ವರದಿಯ ಕೊನೆಯ ಪುಟವನ್ನಲ್ಲ. ಹೆಚ್ಚಿನ ಪೆನ್‌ಡ್ರೈವುಗಳಲ್ಲಿರುವ ಫ್ಯಾಟ್ ಬಗೆಯ ವ್ಯವಸ್ಥೆಗಾದರೋ ಆ ದಾಖಲೆಯ ಆಸರೆಯೂ ಇಲ್ಲ. ಅಪ್‌ಡೇಟು ನಡೆಯುವಾಗ ವಿದ್ಯುತ್ತನ್ನು ಕಡಿದರೆ ವ್ಯವಸ್ಥೆಯ ಕಡತಗಳು ಅರ್ಧ ಹಳೆಯವು ಅರ್ಧ ಹೊಸವು ಆಗಿ ಉಳಿದು, ಬೆಳಿಗ್ಗೆ ಯಂತ್ರವು ಏಳದೆಯೇ ಹೋಗಬಹುದು. ಕರೆಂಟು ಯಾವಾಗ ಹೋಗುವುದೋ ತಿಳಿಯದ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಯುಪಿಎಸ್ ಇಟ್ಟಿರುವುದೇ ಇಂತಹ ಅಪಮೃತ್ಯುವನ್ನು ತಪ್ಪಿಸಲು. ಆ ಯುಪಿಎಸ್ಸಿನ ಗುಂಡಿಯನ್ನೇ ಒತ್ತಿ ಯಂತ್ರವನ್ನು ಆರಿಸುವ ಅಭ್ಯಾಸವು ಅದನ್ನು ಇಟ್ಟ ಉದ್ದೇಶವನ್ನೇ ಕೆಡಿಸುತ್ತದೆ. ಬಹುಕಾಲ ಕಾದರೂ ಯಂತ್ರವು ಅಲುಗದಿದ್ದರೆ, ಡಿಸ್ಕಿನ ದೀಪವೂ ಮಿನುಗದಿದ್ದರೆ, ಪರದೆಯಲ್ಲಿ ಅಪ್‌ಡೇಟಿನ ಸುದ್ದಿಯಿಲ್ಲದಿದ್ದರೆ, ಮುಂದಿನ ಗುಂಡಿಯನ್ನು ಅದು ಆರುವವರೆಗೆ ಒತ್ತಿ ಹಿಡಿಯುವುದು ಅನಿವಾರ್ಯವಾದೀತು. ಎಸಿಪಿಐ ನಿಯಮಾವಳಿಯೇ ನಾಲ್ಕು ಸೆಕೆಂಡಿನ ಈ ಕಡೆಯ ಉಪಾಯಕ್ಕೆ ಎಡೆಯಿತ್ತಿದೆ. ಆಪತ್ತಿಗೆಂದಿರುವ ಈ ಉಪಾಯವನ್ನು ನಿತ್ಯದ ಪದ್ಧತಿಯನ್ನಾಗಿ ಮಾಡಿಕೊಳ್ಳುವುದು ಮಾತ್ರ ಸರ್ವಥಾ ಸಲ್ಲದು.

ಬಳಸುವವರ ಕರ್ತವ್ಯವನ್ನು ಹೇಳಿಯಾಯಿತು. ತಯಾರಕರ ಹೊಣೆ ಇದಕ್ಕಿಂತ ಹಿರಿದು. ವಿಂಡೋಸ್ 98ರಲ್ಲಿ ‘ಫಾಸ್ಟ್ ಶಟ್‌ಡೌನ್’ ಎಂಬ ಸೌಲಭ್ಯವಿತ್ತು. ಅದರಿಂದ ಯಂತ್ರಗಳು ಮುಚ್ಚುವಾಗ ಸಿಕ್ಕಿಕೊಳ್ಳುತ್ತಿದ್ದುದರಿಂದ ಅದನ್ನು ತಡೆಯುವ ಆಯ್ಕೆಯನ್ನು ವ್ಯವಸ್ಥೆಯೊಳಗೇ ಇಡಬೇಕಾಯಿತು. ವಿಂಡೋಸ್ 98ರ ಎರಡನೆಯ ಆವೃತ್ತಿಯ ಮುಚ್ಚುವಿಕೆಯ ತೊಂದರೆಗಳಿಗಾಗಿಯೇ ಮೈಕ್ರೋಸಾಫ್ಟ್ ಪ್ರತ್ಯೇಕವಾದ ಒಂದು ‘ಶಟ್‌ಡೌನ್ ಸಪ್ಲಿಮೆಂಟ್’ ಅನ್ನು ಹೊರತಂದಿತು. ಅಂದು ಬೇಗ ಮುಚ್ಚಬೇಕೆಂಬ ತ್ವರೆ, 2012ರಲ್ಲಿ ಬೇಗ ಏಳಬೇಕೆಂಬ ತ್ವರೆ. ಎರಡು ಸಲವೂ ಬಲಿಯಾದದ್ದು ಕ್ರಮಬದ್ಧವಾದ ಸಮಾಪ್ತಿಯೇ. ವಿಂಡೋಸ್ 11ರಲ್ಲಿ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಎಂಬುದನ್ನು ಆರಿಸಿ ಮಲಗಲು ಹೋದವರು ಬೆಳಿಗ್ಗೆ ನೋಡಿದರೆ ಯಂತ್ರವು ಆರದೆ, ಮರಳಿ ಎದ್ದು ಕುಳಿತಿರುತ್ತಿತ್ತು. ಈ ದೋಷಕ್ಕೆ ಪರಿಹಾರವುಳ್ಳ ಅಪ್‌ಡೇಟು ಬಂದದ್ದು 2025ರ ಅಕ್ಟೋಬರ್ ಕೊನೆಯಲ್ಲಿ. ಲೋಕದ ಬಹುಪಾಲು ಮೇಜುಗಳ ಮೇಲೆ ಅಧಿಕಾರ ನಡೆಸುವ ಒಂದು ವ್ಯವಸ್ಥೆಯಲ್ಲಿ ಆರಿಸುವಂತಹ ಪ್ರಾಥಮಿಕ ಕಾರ್ಯವು ಇಷ್ಟು ತಡವಾಗಿ ಗಮನಕ್ಕೆ ಬಂದುದು, ಆರಂಭದ ವೈಭವಕ್ಕೆ ದೊರೆಯುವ ಲಕ್ಷ್ಯದಲ್ಲಿ ಕಾಲುಪಾಲೂ ಸಮಾಪ್ತಿಗೆ ದೊರೆಯುವುದಿಲ್ಲವೆಂಬುದನ್ನು ತೋರಿಸುತ್ತದೆ.

ಇದಕ್ಕೆ ಬೇರೊಂದು ಮಾರ್ಗವಿದೆಯೆಂಬುದನ್ನು ಲಿನಕ್ಸ್ ತೋರಿಸಿಕೊಟ್ಟಿದೆ. ಇಂದಿನ ಹೆಚ್ಚಿನ ಲಿನಕ್ಸ್ ಆವೃತ್ತಿಗಳನ್ನು ನಡೆಸುವ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯಲ್ಲಿ, ಯಾವುದಾದರೊಂದು ಸರ್ವೀಸು ನಿಲ್ಲಲು ತಡಮಾಡಿದರೆ, ಅದರ ಹೆಸರನ್ನು ಹೇಳಿ, ಇಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ, ಇಷ್ಟು ಹೊತ್ತು ಕಾಯುತ್ತೇನೆ ಎಂಬ ಲೆಕ್ಕವನ್ನು ಪರದೆಯ ಮೇಲೆ ಕಾಣಿಸಲಾಗುತ್ತದೆ. ರೂಢಿಯ ಗಡುವು 90 ಸೆಕೆಂಡು. ಅಲ್ಲಿಯೂ ವಿಳಂಬ ತಪ್ಪಿದ್ದಲ್ಲ. ಆದರೆ ಆ ವಿಳಂಬಕ್ಕೆ ಹೆಸರಿದೆ, ಮಿತಿಯಿದೆ. ಕಾಯುವವರು ತಾವು ಏನಕ್ಕಾಗಿ ಕಾಯುತ್ತಿದ್ದೇವೆಂಬುದನ್ನು ಬಲ್ಲರು. ಉಳಿಸದ ಕಡತವುಳ್ಳ ತಂತ್ರಾಂಶದ ಹೆಸರನ್ನು ವಿಂಡೋಸ್ ತೋರಿಸುವುದುಂಟು. ಸರ್ವೀಸುಗಳ ಮತ್ತು ಡ್ರೈವರುಗಳ ಸರದಿ ಬಂದೊಡನೆ ಅದು ಮೌನವನ್ನು ತಾಳುತ್ತದೆ. ಆ ಮೌನವೇ ಮನುಷ್ಯರನ್ನು ಗೋಡೆಯ ಸ್ವಿಚ್ಚಿನ ಕಡೆಗೆ ತಳ್ಳುವುದು.

ಈ ಕಾಲದಲ್ಲಿ ಯಂತ್ರಗಳನ್ನು ಆರಿಸಬೇಕಾದುದೇ ಇಲ್ಲ, ಲ್ಯಾಪ್‌ಟಾಪಿನ ಮುಚ್ಚಳವನ್ನು ಮಡಚಿ ಮಲಗಿಸಿದರೆ ಸಾಕು ಎಂಬ ವಾದವನ್ನೂ ನಾನು ಬಲ್ಲೆ. ಸ್ವಂತ ಲ್ಯಾಪ್‌ಟಾಪನ್ನು ಹಗಲಿರುಳು ಬಳಸುವವರಿಗೆ ಅದು ಒಪ್ಪಬಹುದು. ಬ್ಯಾಟರಿಯಿಲ್ಲದ ಡೆಸ್ಕ್‌ಟಾಪುಗಳಿಂದಲೇ ಕೆಲಸ ಸಾಗಿಸುವ ಶಾಲೆ, ಪಂಚಾಯಿತಿ, ಸಹಕಾರ ಸಂಘಗಳಿಗೆ ಅದು ಒಪ್ಪುವುದಿಲ್ಲ. ಮಲಗಿದ ಯಂತ್ರದ ಕರೆಂಟು ನಡುರಾತ್ರಿಯಲ್ಲಿ ಹೋದರೆ ನೆನಪಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅಲ್ಲದೆ, ಆರಿಸುವ ಅಗತ್ಯ ಅಪರೂಪವಾದುದೆಂಬುದು, ಆರಿಸಿದಾಗ ಆರದಿರುವುದಕ್ಕೆ ಸಮಾಧಾನವಾಗಲಾರದು.

ಆದುದರಿಂದ ನನ್ನ ಸೂಚನೆಗಳಿವು. ಕಂಪ್ಯೂಟರ್ ಪಾಠವನ್ನು ನಡೆಸುವ ಪ್ರತಿಯೊಂದು ಶಾಲೆಯಲ್ಲಿಯೂ ತರಗತಿಯ ಕೊನೆಯ ಐದು ನಿಮಿಷಗಳು ಮುಚ್ಚುವ ಅಭ್ಯಾಸಕ್ಕೇ ಮೀಸಲಾಗಲಿ: ಕಡತವನ್ನು ಉಳಿಸಿ, ತಂತ್ರಾಂಶವನ್ನು ಮುಚ್ಚಿ, ಪೆನ್‌ಡ್ರೈವನ್ನು ಕ್ರಮವಾಗಿ ಬಿಡಿಸಿ, ದೀಪ ಆರಿದುದನ್ನು ಕಣ್ಣಾರೆ ಕಂಡ ಮೇಲೆ ಮೇನ್ ಸ್ವಿಚ್ಚನ್ನು ಮುಟ್ಟುವುದನ್ನು ಮಕ್ಕಳು ಕೈಯಾರೆ ಮಾಡಿ ಕಲಿಯಲಿ. ಕಚೇರಿಯ ಮುಖ್ಯಸ್ಥರು ಗುಮಾಸ್ತರಿಗೆ ಆ ಐದು ನಿಮಿಷಗಳನ್ನು ಕೆಲಸದ ವೇಳೆಯೊಳಗೇ ಒದಗಿಸಿಕೊಡಲಿ. ಯಂತ್ರವು ಮುಚ್ಚಲು ತೆಗೆದುಕೊಳ್ಳುವ ಕಾಲದ ಬೆಲೆಯನ್ನು ನೌಕರನ ಬಸ್ಸಿನಿಂದ ವಸೂಲು ಮಾಡುವುದು ನ್ಯಾಯವಲ್ಲ. ರಿಪೇರಿಯವರು ಫಾರ್ಮ್ಯಾಟಿಗೆ ಕೈಹಾಕುವ ಮುನ್ನ ಇವೆಂಟ್ ವ್ಯೂವರನ್ನು ತೆರೆದು ಗಿರಾಕಿಗೆ ತೋರಿಸಲಿ. ತಯಾರಕರಾದರೋ ಪೂರ್ಣವಾದ ಮುಚ್ಚುವಿಕೆಯನ್ನು ಶಿಫ್ಟ್ ಕೀಲಿಯ ಹಿಂದೆ ಅಡಗಿಸದೆ ಎಲ್ಲರ ಕಣ್ಣಿಗೆ ಬೀಳುವಂತೆ ಇಡಲಿ, ತಡವಾದಾಗ ತಡೆದವರ ಹೆಸರನ್ನು ಪರದೆಯ ಮೇಲೆ ಬರೆಯಲಿ, ಆ ಬರಹ ಕನ್ನಡದಲ್ಲಿಯೂ ಇರಲಿ. ಸರ್ಕಾರವೂ ವಿಶ್ವವಿದ್ಯಾಲಯಗಳೂ ಸಗಟಾಗಿ ಯಂತ್ರಗಳನ್ನು ಕೊಳ್ಳುವಾಗ ಎಷ್ಟು ಬೇಗ ಏಳುತ್ತದೆಂದು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಆಜ್ಞೆಯಿತ್ತಾಗ ನಿಜವಾಗಿ ನಿಲ್ಲುತ್ತದೆಯೇ, ನಿಲ್ಲದಿದ್ದರೆ ಕಾರಣವನ್ನು ಹೇಳುತ್ತದೆಯೇ ಎಂದು ವಿಚಾರಿಸತೊಡಗಿದರೆ, ತಯಾರಕರು ಕಿವಿಗೊಡದೆ ಇರಲಾರರು. ಕೊಳ್ಳುವವರ ಪ್ರಶ್ನೆಗೆ ಇರುವ ಬಲ ಬಳಸುವವರ ಗೊಣಗಾಟಕ್ಕೆ ಇಲ್ಲ.